ಸೌರ ಬಿರುಗಾಳಿಗಳ ಚರಿತ್ರೆ: ತಂತಿಯಿಂದ ಉಪಗ್ರಹದವರೆಗೆ

1979ರ ಜುಲೈ ತಿಂಗಳು ನಮ್ಮ ವಯಸ್ಸಿನವರಿಗೆ ಇನ್ನೂ ನೆನಪಿನಲ್ಲಿದ್ದೀತು. ‘ಸ್ಕೈಲ್ಯಾಬ್ ಬೀಳುತ್ತದಂತೆ’ ಎಂಬ ಸುದ್ದಿ ಹಳ್ಳಿಹಳ್ಳಿಯನ್ನೂ ಹೊಕ್ಕು ಜನರ ನಿದ್ದೆ ಕೆಡಿಸಿದ್ದ ಕಾಲವದು. ನಾವು ಆಗ ತಾಳವಾಡಿ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಅಧ್ಯಾಪಕರಾಗಿದ್ದೆವು. ಆ ವಾರ ಮಕ್ಕಳ ಹಾಜರಿ ಅರ್ಧಕ್ಕೆ ಇಳಿಯಿತು. ಬಂದವರೂ ಪಾಠದ ನಡುವೆ ಹೆಂಚಿನ ಮಾಡಿನ ಕಡೆಗೇ ಕಣ್ಣು ಹಾಯಿಸುತ್ತಿದ್ದರು. ಕೊನೆಗೆ ಜುಲೈ 11ರಂದು ಅಮೆರಿಕದ ಆ ಬಾಹ್ಯಾಕಾಶ ನಿಲ್ದಾಣ ಒಡೆದು, ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಬಿದ್ದವು. ಯಾರಿಗೂ ಅಪಾಯವಾಗಲಿಲ್ಲ.

ಮರುದಿನ ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಆರು ವರ್ಷ ಬೀಳದೆ ಇದ್ದದ್ದು ಈಗ ಯಾಕೆ ಬಿತ್ತು ಸಾರ್?” ನಾವು ಭೂಮಿಯ ಗುರುತ್ವಾಕರ್ಷಣೆಯನ್ನು ವಿವರಿಸಿ ಅವನನ್ನು ಕೂರಿಸಿದೆವು. ಆಕರ್ಷಣೆ ಆ ಆರು ವರ್ಷವೂ ಇತ್ತಲ್ಲವೆ? ನಮ್ಮ ಉತ್ತರ ಉತ್ತರವೇ ಆಗಿರಲಿಲ್ಲವೆಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ. ನಿಜವಾದ ಉತ್ತರ ಸೂರ್ಯನಲ್ಲಿತ್ತು. ಆ ವರ್ಷಗಳಲ್ಲಿ ಸೂರ್ಯನ ಚಟುವಟಿಕೆ ವಿಜ್ಞಾನಿಗಳು ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ಅದರಿಂದ ಭೂಮಿಯ ವಾಯುಮಂಡಲದ ಮೇಲ್ಪದರ ಕಾದು ಉಬ್ಬಿತು. ಅಲ್ಲಿ ಸುತ್ತುತ್ತಿದ್ದ ಸ್ಕೈಲ್ಯಾಬಿಗೆ ಗಾಳಿಯ ತಡೆ ಹೆಚ್ಚಿ, ಅದು ನಿರೀಕ್ಷೆಗಿಂತ ಬೇಗನೆ ಕೆಳಗಿಳಿಯಿತು. ಅದನ್ನು ಮೇಲಕ್ಕೆ ತಳ್ಳಬೇಕಾಗಿದ್ದ ಸ್ಪೇಸ್ ಷಟಲ್ ವಾಹನ ಇನ್ನೂ ಸಿದ್ಧವಾಗಿರಲಿಲ್ಲ. ಅಂದು ಆ ಹುಡುಗನಿಗೆ ಕೊಡಲಾಗದ ಉತ್ತರವನ್ನು ಇಂದು ಈ ಸಂಚಿಕೆಯ ಮೂಲಕ ವಿಸ್ತಾರವಾಗಿ ಒಪ್ಪಿಸುತ್ತಿದ್ದೇವೆ.

ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಅವನ ಮೈಮೇಲೆ ಆಗಾಗ ಕಪ್ಪು ಕಲೆಗಳು ಕಾಣಿಸಿಕೊಳ್ಳುತ್ತವೆ. ಇವು ಬಲವಾದ ಕಾಂತಶಕ್ತಿ ತುಂಬಿದ ಸ್ಥಳಗಳು. ಸುಮಾರು 11 ವರ್ಷಗಳಿಗೊಮ್ಮೆ ಈ ಕಲೆಗಳ ಸಂಖ್ಯೆ ಏರಿ ಇಳಿಯುತ್ತದೆ. ಕಲೆಗಳ ಸುತ್ತ ಬಿಗಿದುಕೊಂಡ ಕಾಂತಶಕ್ತಿ ಒಮ್ಮೆಲೇ ಸಡಿಲಗೊಂಡಾಗ ಸೌರಜ್ವಾಲೆ ಏಳುತ್ತದೆ. ಅದರ ಬೆಳಕು ಮತ್ತು ಕ್ಷಕಿರಣಗಳು ಎಂಟು ನಿಮಿಷಗಳಲ್ಲಿ ಭೂಮಿಯನ್ನು ಮುಟ್ಟುತ್ತವೆ. ಕೆಲವು ಸಲ ಜ್ವಾಲೆಯ ಜೊತೆಗೆ ನೂರಾರು ಕೋಟಿ ಟನ್ನುಗಳಷ್ಟು ವಿದ್ಯುದಾವಿಷ್ಟ ಅನಿಲವು ತನ್ನದೇ ಕಾಂತಕ್ಷೇತ್ರವನ್ನು ಹೊತ್ತು ಚಿಮ್ಮುತ್ತದೆ. ಅದು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಭೂಮಿಗೆ ಬಡಿದು, ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತದೆ. ಇದನ್ನೇ ಸೌರ ಬಿರುಗಾಳಿ ಎನ್ನುವುದು. ವಾಯುಮಂಡಲವೆಂಬ ಹೊದಿಕೆಯ ಕೆಳಗಿರುವ ನಮ್ಮ ದೇಹಗಳಿಗೆ ಇದರಿಂದ ಹಾನಿಯಿಲ್ಲ. ಆದುದರಿಂದಲೇ ಸಾವಿರಾರು ವರ್ಷ ಈ ಬಿರುಗಾಳಿಗಳು ಬಂದು ಹೋದರೂ ಮನುಷ್ಯರು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಮನುಷ್ಯ ಭೂಮಿಯ ಮೇಲೆ ತಂತಿ ಎಳೆದಂದಿನಿಂದ ಲೆಕ್ಕ ಬೇರೆಯಾಯಿತು.

1859ರ ಸೆಪ್ಟೆಂಬರ್ 1. ಇಂಗ್ಲೆಂಡಿನ ರೆಡ್‌ಹಿಲ್ ಎಂಬಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳಜ್ಞ ತನ್ನ ದೂರದರ್ಶಕದಿಂದ ಸೂರ್ಯಬಿಂಬವನ್ನು ಪರದೆಯ ಮೇಲೆ ಬೀಳಿಸಿ, ದಿನದ ಪದ್ಧತಿಯಂತೆ ಸೌರಕಲೆಗಳ ಚಿತ್ರ ಬರೆಯುತ್ತಿದ್ದ. ಬೆಳಗ್ಗೆ 11 ಗಂಟೆ 18 ನಿಮಿಷಕ್ಕೆ ಕಲೆಗಳ ನಡುವೆ ಎರಡು ಕಡೆ ಕಣ್ಣು ಕೋರೈಸುವ ಬಿಳಿಯ ಬೆಳಕು ಹೊಳೆಯಿತು. ಸಾಕ್ಷಿಗೆ ಯಾರನ್ನಾದರೂ ಕರೆತರಲು ಓಡಿ, ಒಂದು ನಿಮಿಷದಲ್ಲಿ ಹಿಂದಿರುಗುವಷ್ಟರಲ್ಲಿ ಅದು ಮಂಕಾಗತೊಡಗಿತ್ತು. ಐದು ನಿಮಿಷಗಳಲ್ಲಿ ಎಲ್ಲವೂ ಮಾಯ. ಅದೃಷ್ಟವಶಾತ್ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬನೂ ಬೇರೆ ಕಡೆಯಿಂದ ಅದನ್ನೇ ಕಂಡಿದ್ದ. ಸುಮಾರು ಹದಿನೇಳೂವರೆ ಗಂಟೆಗಳ ತರುವಾಯ ಭೂಮಿಯನ್ನು ಬಿರುಗಾಳಿ ಮುಟ್ಟಿತು. ಧ್ರುವಪ್ರದೇಶದಲ್ಲಿ ಮಾತ್ರ ಕಾಣುವ ಧ್ರುವಪ್ರಭೆ ಕ್ಯೂಬಾ, ಹವಾಯಿಗಳವರೆಗೂ ಕಾಣಿಸಿತು. ಯುರೋಪು ಅಮೆರಿಕಗಳ ತಂತಿ ಕಚೇರಿಗಳಲ್ಲಿ ಯಂತ್ರಗಳಿಂದ ಕಿಡಿ ಹಾರಿತು. ವಾಷಿಂಗ್ಟನ್ನಿನಲ್ಲಿ ತಂತಿ ನೌಕರನೊಬ್ಬನ ಹಣೆಗೆ ವಿದ್ಯುತ್ತು ಹೊಡೆಯಿತು. ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ಊರುಗಳ ನೌಕರರಂತೂ ತಮ್ಮ ಬ್ಯಾಟರಿಗಳನ್ನು ಬಿಚ್ಚಿಟ್ಟು, ಬಿರುಗಾಳಿ ತಂತಿಯಲ್ಲಿ ಹರಿಸಿದ ವಿದ್ಯುತ್ತಿನಿಂದಲೇ ಸುಮಾರು ಎರಡು ಗಂಟೆ ಸಂದೇಶ ಕಳುಹಿಸಿಕೊಂಡರು.

ಇಷ್ಟು ಕಥೆ ವಿಜ್ಞಾನದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತದೆ. ಅದರ ಇನ್ನೊಂದರ್ಧ ನಮ್ಮ ದೇಶದಲ್ಲಿ ನಡೆಯಿತೆಂಬುದು ಹೆಚ್ಚು ಜನರಿಗೆ ತಿಳಿಯದು. ಬೊಂಬಾಯಿಯ ಕೊಲಾಬಾದಲ್ಲಿ ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಸ್ಥಾಪಿಸಿದ ಒಂದು ವೀಕ್ಷಣಾಲಯವಿತ್ತು. ಅಲ್ಲಿ ತೂಗುಬಿಟ್ಟ ಅಯಸ್ಕಾಂತಗಳ ಚಲನೆಯನ್ನು ಗಂಟೆಗಂಟೆಗೂ ಕಣ್ಣಿನಿಂದ ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸೂಚಿ ಕದಡಿದಂತೆ ಕಂಡರೆ ಇನ್ನೂ ಬೇಗಬೇಗನೆ ನೋಡಿ ಬರೆಯಬೇಕೆಂಬುದು ನಿಯಮ. ಸೆಪ್ಟೆಂಬರ್ 2ರಂದು ಬಿರುಗಾಳಿ ಉಚ್ಛ್ರಾಯಕ್ಕೆ ಏರಿದಾಗ ಬೊಂಬಾಯಿಯಲ್ಲಿ ಹಗಲು ಹೊತ್ತು. ಆಕಾಶದಲ್ಲಿ ಯಾವ ಬಣ್ಣವೂ ಯಾರಿಗೂ ಕಾಣುವಂತಿರಲಿಲ್ಲ. ಪೇಟೆ, ಬಂದರು ಎಲ್ಲವೂ ತಮ್ಮ ಪಾಡಿಗೆ ನಡೆದಿದ್ದವು. ಕೊಲಾಬಾದ ಕೋಣೆಯೊಳಗೆ ಮಾತ್ರ ಸೂಚಿ ಹಿಂದೆಂದೂ ಕಾಣದಷ್ಟು ಇಳಿಯಿತು. ಅಲ್ಲಿ ಸರದಿಯ ಮೇಲೆ ಕುಳಿತವರು ಬೆರಗಾದರೋ ಇಲ್ಲವೋ, ತಮ್ಮ ಕೆಲಸವನ್ನಂತೂ ಬಿಡಲಿಲ್ಲ, ನೋಡಿದರು, ಬರೆದರು.

ಇಂಗ್ಲೆಂಡಿನ ಕ್ಯೂ ಮತ್ತು ಗ್ರೀನಿಚ್ ವೀಕ್ಷಣಾಲಯಗಳಲ್ಲಿ ಛಾಯಾಚಿತ್ರದ ಕಾಗದದ ಮೇಲೆ ತಾನೇ ರೇಖೆ ಮೂಡಿಸುವ ಹೊಸ ಯಂತ್ರಗಳಿದ್ದವು. ಬಿರುಗಾಳಿಯ ರಭಸಕ್ಕೆ ಆ ರೇಖೆಗಳು ಕಾಗದದ ಅಂಚು ದಾಟಿ ಹೋದವು. ಹೀಗಾಗಿ ಬಿರುಗಾಳಿ ಎಷ್ಟು ಬಲವಾಗಿತ್ತೆಂದು ಅವು ಹೇಳಲಾರದೆ ಹೋದವು. ಕೊಲಾಬಾದ ಪುಸ್ತಕ ಹೇಳಿತು. ಆದರೆ ಅದನ್ನು ಯಾರಾದರೂ ಕೇಳಬೇಕಿತ್ತು. 2003ರಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ಜಿ. ಎಸ್. ಲಖೀನಾ ಮೊದಲಾದವರು ವಿದೇಶೀ ಸಂಗಡಿಗರೊಡನೆ ಆ ಹಳೆಯ ಅಂಕಿಗಳನ್ನು ತೆರೆದು ನೋಡಿದರು. ಕೊಲಾಬಾದಲ್ಲಿ ಕಾಂತಕ್ಷೇತ್ರ ಸುಮಾರು 1600 ನ್ಯಾನೊಟೆಸ್ಲಾಗಳಷ್ಟು ಕುಸಿದಿತ್ತು. ಕೆನಡಾವನ್ನು ಕತ್ತಲೆಗೆ ದೂಡಿದ 1989ರ ಬಿರುಗಾಳಿಯಲ್ಲಿ ಜಗತ್ತಿನ ಹಲವು ಕೇಂದ್ರಗಳ ಸರಾಸರಿ ಕುಸಿತ 589. ಎರಡೂ ಅಳತೆಗಳ ಕ್ರಮ ಒಂದೇ ಅಲ್ಲವಾದರೂ, 1859ರದು ಎಂಥ ಬಿರುಗಾಳಿಯೆಂದು ಇದರಿಂದ ಊಹಿಸಬಹುದು. 144 ವರ್ಷ ಕಪಾಟಿನಲ್ಲಿದ್ದ ಒಂದು ದಿನಚರಿ, ಇಂದಿನ ಉಪಗ್ರಹಗಳೂ ವಿದ್ಯುತ್ ಜಾಲಗಳೂ ಎಂಥ ಹೊಡೆತಕ್ಕೆ ಸಿದ್ಧವಾಗಿರಬೇಕೆಂಬುದಕ್ಕೆ ಅಳತೆಗೋಲಾಯಿತು.

ಆ ದಿನಚರಿಯನ್ನು ಕಾಪಾಡಿದ ರೀತಿಯೂ ಮೆಚ್ಚುವಂಥದು. ಬೊಂಬಾಯಿಗೆ ವಿದ್ಯುತ್ ಟ್ರಾಮುಗಳು ಬರುತ್ತವೆಂದಾಗ, ಅವುಗಳ ವಿದ್ಯುತ್ತು ಸೂಚಿಯನ್ನು ಕದಡೀತೆಂದು 1904ರಲ್ಲಿ ಅಲಿಬಾಗಿನಲ್ಲಿ ಕಬ್ಬಿಣದ ಸೋಂಕಿಲ್ಲದ ಕಟ್ಟಡ ಕಟ್ಟಿದರು. ಹಳೆಯದನ್ನು ಒಮ್ಮೆಲೇ ಮುಚ್ಚದೆ, 1906ರವರೆಗೆ ಎರಡೂ ಕಡೆ ಅಳತೆ ನಡೆಸಿ, ಲೆಕ್ಕದ ಸರಣಿ ತುಂಡಾಗದಂತೆ ನೋಡಿಕೊಂಡರು.

1872ರ ಫೆಬ್ರವರಿ 4ರ ರಾತ್ರಿ ಮತ್ತೊಂದು ಮಹಾ ಬಿರುಗಾಳಿ ಬಂದಿತು. ಆ ರಾತ್ರಿ ಬೊಂಬಾಯಿಯ ಆಕಾಶದಲ್ಲಿಯೇ ಧ್ರುವಪ್ರಭೆ ಕಂಡ ವರದಿಯುಂಟು. ಬೊಂಬಾಯಿಗೂ ಏಡನ್ನಿಗೂ ನಡುವೆ ಸಮುದ್ರದಡಿ ಹಾಕಿದ್ದ ತಂತಿಯಲ್ಲಿ ಸಂದೇಶಗಳು ಗಂಟೆಗಟ್ಟಲೆ ಕೆಟ್ಟವು. 1921ರ ಮೇ ತಿಂಗಳ ಬಿರುಗಾಳಿಗೆ ಸ್ವೀಡನ್ ದೇಶದ ಕಾರ್ಲ್‌ಸ್ಟಾಡ್ ಊರಿನ ದೂರವಾಣಿ ಕಚೇರಿ ಸುಟ್ಟುಹೋಯಿತು. ಮುಂದೆ ರೇಡಿಯೋ ಯುಗ ಬಂದಿತು. ಕಿರುತರಂಗದ ರೇಡಿಯೋ ಅಲೆಗಳು ದೂರ ದೇಶ ತಲುಪುವುದು ಮೇಲಿನ ಅಯಾನುಗೋಳಕ್ಕೆ ತಾಗಿ ಪ್ರತಿಫಲಿಸುವುದರಿಂದ. ಸೌರಜ್ವಾಲೆಯ ಕ್ಷಕಿರಣಗಳು ಅದರ ಕೆಳಪದರವನ್ನು ದಟ್ಟಗೊಳಿಸಿದಾಗ ಅದು ಅಲೆಗಳನ್ನು ಹೀರಿಬಿಡುತ್ತದೆ. ಬಿಸಿಲಿರುವ ಅರ್ಧಗೋಳದಲ್ಲಿ ರೇಡಿಯೋ ಮೂಕವಾಗುತ್ತದೆ. 1967ರ ಮೇ 23ರಂದು ಉತ್ತರ ಧ್ರುವದ ಕಡೆಗೆ ಮುಖಮಾಡಿದ್ದ ಅಮೆರಿಕದ ಮೂರು ಎಚ್ಚರಿಕೆಯ ರೇಡಾರ್ ಕೇಂದ್ರಗಳು ಏಕಕಾಲಕ್ಕೆ ಕುರುಡಾದವು. ಶತ್ರುದೇಶವೇ ಬೇಕೆಂದು ಹೀಗೆ ಮಾಡಿತೆಂಬ ಶಂಕೆಗೆ ಅಣ್ವಸ್ತ್ರ ವಿಮಾನಗಳು ಸಜ್ಜಾಗುತ್ತಿದ್ದವು. ಸೂರ್ಯನ ಮೇಲೆ ಕಣ್ಣಿಟ್ಟಿದ್ದ ಕೆಲವು ವೀಕ್ಷಕರು ‘ಇದು ಸೂರ್ಯನ ಕೆಲಸ’ ಎಂದು ಸಕಾಲದಲ್ಲಿ ತಿಳಿಸಿದ್ದರಿಂದ ಅನರ್ಥ ತಪ್ಪಿತು.

1989ರ ಮಾರ್ಚ್ 13ರ ನಸುಕಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸರದಿ. ಅಲ್ಲಿಯ ನೆಲ ಪುರಾತನ ಬಂಡೆಯದು. ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದು. ಬಿರುಗಾಳಿ ನೆಲದಲ್ಲಿ ಎಬ್ಬಿಸಿದ ಪ್ರವಾಹ ಸುಲಭದ ದಾರಿ ಹುಡುಕಿ ಉದ್ದುದ್ದನೆಯ ವಿದ್ಯುತ್ ಮಾರ್ಗಗಳನ್ನು ಹೊಕ್ಕಿತು. ಒಂದೂವರೆ ನಿಮಿಷದಲ್ಲಿ ಇಡೀ ಜಾಲ ಕುಸಿದು, 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಚಳಿಯಲ್ಲಿ ಕತ್ತಲೆಯಲ್ಲಿ ಕಳೆದರು.

ಈಗ ನಮ್ಮ ಬದುಕಿನ ಎಷ್ಟೋ ಭಾಗ ಆಕಾಶದಲ್ಲಿದೆ. ಬ್ಯಾಂಕಿನ ಲೆಕ್ಕ, ಮೀನುಗಾರನ ದಿಕ್ಕು, ವಿಮಾನದ ದಾರಿ, ಮಳೆಯ ಮುನ್ಸೂಚನೆ, ಮನೆಯ ದೂರದರ್ಶನ ಇವೆಲ್ಲಕ್ಕೂ ಉಪಗ್ರಹವೇ ಆಧಾರ. ಬಿರುಗಾಳಿಯ ವೇಗಕಣಗಳು ಉಪಗ್ರಹದ ವಿದ್ಯುನ್ಮಾನ ಭಾಗಗಳನ್ನು ಹೊಕ್ಕು ತಪ್ಪು ಆಜ್ಞೆ ಹುಟ್ಟಿಸಬಲ್ಲವು, ಸೌರಫಲಕಗಳನ್ನು ಸವೆಸಬಲ್ಲವು. ಕೆಳಕಕ್ಷೆಯವಕ್ಕೆ ಸ್ಕೈಲ್ಯಾಬಿನ ಪಾಡೇ. 2022ರ ಫೆಬ್ರವರಿ 3ರಂದು ಸ್ಟಾರ್‌ಲಿಂಕ್ ಹೆಸರಿನ 49 ಉಪಗ್ರಹಗಳನ್ನು ಹಾರಿಸಿದರು. ಮರುದಿನ ಬಂದದ್ದು ದೊಡ್ಡ ಬಿರುಗಾಳಿಯೇನಲ್ಲ. ಆದರೂ ಉಬ್ಬಿದ ಗಾಳಿಯ ತಡೆಗೆ ಸಿಕ್ಕಿ 38 ಉಪಗ್ರಹಗಳು ಬಿದ್ದು ಉರಿದುಹೋದವು. 2024ರ ಮೇ 10-11ರಂದು ಎರಡು ದಶಕಗಳಲ್ಲೇ ಬಲವಾದ ಬಿರುಗಾಳಿ ಬೀಸಿತು. ಲಡಾಖಿನ ಹಾನ್ಲೆಯ ಆಕಾಶ ಕೆಂಪೇರಿತು. ಅಮೆರಿಕದಲ್ಲಿ ಜಿಪಿಎಸ್ ನಂಬಿ ಸಾಲು ಹಿಡಿಯುವ ಟ್ರ್ಯಾಕ್ಟರುಗಳು ಬಿತ್ತನೆಯ ಹಂಗಾಮಿನಲ್ಲೇ ನಿಂತವು.

ಈ ಬಿರುಗಾಳಿಗಳನ್ನು ಕಾಯುವವರು ಎಲ್ಲಿದ್ದಾರೆಂದು ಕೇಳಿದರೆ, ನಮ್ಮ ನೆರೆಯಲ್ಲೇ ಎನ್ನಬೇಕು. ಕೊಡೈಕೆನಾಲಿನಲ್ಲಿ 1899ರಲ್ಲಿ ಸ್ಥಾಪನೆಯಾದ ವೀಕ್ಷಣಾಲಯ ನೂರು ವರ್ಷಕ್ಕೂ ಮೀರಿ ಸೂರ್ಯನ ಚಿತ್ರ ತೆಗೆಯುತ್ತ ಬಂದಿದೆ. ಇಂದು ಅದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ್ದು. ನೀಲಗಿರಿಯ ಮುತ್ತೋರೈಯಲ್ಲಿ ಗೋವಿಂದ ಸ್ವರೂಪರು ರೂಪಿಸಿ 1970ರಲ್ಲಿ ಕೆಲಸ ಆರಂಭಿಸಿದ ರೇಡಿಯೋ ದೂರದರ್ಶಕವಿದೆ. ಅದರ ಉದ್ದ 530 ಮೀಟರ್, ಅಗಲ 30 ಮೀಟರ್. ಊರಿನ ಅಕ್ಷಾಂಶದಷ್ಟೇ, ಎಂದರೆ ಸುಮಾರು 11 ಡಿಗ್ರಿಯಷ್ಟು ಇಳಿಜಾರಿರುವ ಬೆಟ್ಟದ ಮೈಯನ್ನು ಹುಡುಕಿ ಅದನ್ನು ಕಟ್ಟಿದ್ದರಿಂದ, ಅದರ ಉದ್ದವು ಭೂಮಿಯ ಅಕ್ಷಕ್ಕೆ ಸಮಾಂತರವಾಗಿದೆ. ವಾಯುಮಂಡಲದಿಂದಾಗಿ ನಕ್ಷತ್ರಗಳು ಮಿನುಗುವಂತೆ, ಸೌರಮಾರುತದ ಮೂಲಕ ಹಾದುಬರುವ ದೂರದ ರೇಡಿಯೋ ಮೂಲಗಳೂ ಮಿನುಗುತ್ತವೆ. ಆ ಮಿನುಗನ್ನು ಅಳೆದು, ದಾರಿಯಲ್ಲಿರುವ ಬಿರುಗಾಳಿಯನ್ನು ಅಲ್ಲಿಯವರು ಗುರುತಿಸುತ್ತಾರೆ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಉದಕಮಂಡಲ ನೋಡಲು ಹೋದ ನಾವು ಸಸ್ಯೋದ್ಯಾನ, ಕೆರೆ, ದೋಣಿ ಎಲ್ಲ ತೋರಿಸಿ ಬಂದೆವು. ಅಷ್ಟು ಹತ್ತಿರವಿದ್ದ ಇದನ್ನು ತೋರಿಸಬೇಕೆಂದು ನಮಗೆ ತೋಚಲಿಲ್ಲ. ಆ ಕೊರತೆ ಇಂದಿಗೂ ಮನಸ್ಸಿನಲ್ಲಿದೆ. ಅದೇ ಊರಿನ ವಿಶ್ವಕಿರಣ ಪ್ರಯೋಗಾಲಯವು 2015ರ ಜೂನ್ 22ರಂದು ಬಿರುಗಾಳಿಯ ಹೊಡೆತಕ್ಕೆ ಭೂಮಿಯ ಕಾಂತಕವಚ ಸುಮಾರು ಎರಡು ಗಂಟೆ ದುರ್ಬಲವಾದುದನ್ನು ಪತ್ತೆಮಾಡಿತು.

ಹಾಸನದಲ್ಲಿ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. 36,000 ಕಿಲೋಮೀಟರ್ ಎತ್ತರದ ನಮ್ಮ ಉಪಗ್ರಹಗಳನ್ನು ಬಿರುಗಾಳಿಯ ದಿನ ಕಾಯುವ ಹೊಣೆ ಅಲ್ಲಿಯವರದು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಭೂಮಿಗೆ ಬರುವ ಬಿರುಗಾಳಿ ಮೊದಲು ಆ ನೆಲೆಯನ್ನು ದಾಟಬೇಕು. ಅಲ್ಲಿಂದ ದೊರೆಯುವ ಮುನ್ಸೂಚನೆ ಒಂದು ಗಂಟೆಗಿಂತಲೂ ಕಡಿಮೆ ಇರಬಹುದು. ಆದರೂ ಉಪಗ್ರಹದ ಸೂಕ್ಷ್ಮ ಉಪಕರಣವನ್ನು ಆರಿಸಲು, ವಿದ್ಯುತ್ ಮಾರ್ಗದ ಹೊರೆ ಇಳಿಸಲು, ವಿಮಾನದ ದಾರಿ ಬದಲಿಸಲು ಅಷ್ಟು ಹೊತ್ತು ಬೆಲೆಯುಳ್ಳದ್ದು.

‘ಇಂದು ರಾತ್ರಿ ಸೂರ್ಯನ ಕಿರಣ ಬೀಳುತ್ತದೆ, ಫೋನು ಆರಿಸಿ ದೂರವಿಡಿ’ ಎಂಬ ಸಂದೇಶಗಳು ಈಗಲೂ ನಮ್ಮ ಬಂಧುಗಳ ಗುಂಪುಗಳಲ್ಲಿ ಸುತ್ತುತ್ತಿರುತ್ತವೆ. ಅವನ್ನು ಓದುವಾಗಲೆಲ್ಲ 1979ರ ಹೆಂಚಿನ ಮಾಡು ನಮಗೆ ನೆನಪಾಗುತ್ತದೆ. ಅಂದೂ ಇಂದೂ ಭಯ ಹರಡುವುದು ಕೇಳಿದ ಮಾತಿನಿಂದ. ಭಯ ಕಳೆಯುವುದು ಯಾರೋ ನೋಡಿ ಬರೆದಿಟ್ಟ ಮಾತಿನಿಂದ. ಕೊಲಾಬಾದವರಿಗೆ ಕೃತಕ ಉಪಗ್ರಹವೆಂಬ ಶಬ್ದವೇ ಗೊತ್ತಿರಲಿಲ್ಲ. ತಮ್ಮ ಅಂಕಿ ಯಾವ ಕಾಲಕ್ಕೆ ಯಾರಿಗೆ ಬೇಕಾದೀತೆಂದು ಎಣಿಸದೆ, ಸರದಿ ತಪ್ಪದೆ ಬರೆದರು. ಗಡಿಯಾಚೆ ನೆಲೆನಿಂತ ನಮ್ಮ ಸಂಘಗಳಲ್ಲಿಯೂ ಹಳೆಯ ನಡವಳಿ ಪುಸ್ತಕಗಳುಂಟು. ಶಾಲೆಗಳಲ್ಲಿ ದಾಖಲಾತಿ ಪುಸ್ತಕ, ಮಳೆಯ ಲೆಕ್ಕಗಳುಂಟು. ಎಷ್ಟೋ ಕಡೆ ಅವು ಗೆದ್ದಲಿಗೆ ಆಹಾರವಾಗಿವೆ. ಉಳಿದವನ್ನಾದರೂ ಈ ವರ್ಷ ತೆಗೆದು ಒರಸಿ, ಪ್ರತಿ ಮಾಡಿಸಿ ಇಡೋಣವೆಂದು ಸಂಘದ ಹಿರಿಯರಲ್ಲಿಯೂ ಕಿರಿಯರಲ್ಲಿಯೂ ನಮ್ಮ ವಿನಂತಿ. ನಮ್ಮ ಮಕ್ಕಳು ಮುಂದಿನ ಸಲ ಉದಕಮಂಡಲಕ್ಕೆ ಹೋದಾಗ, ದೋಣಿ ಹತ್ತುವ ಮೊದಲು ಮುತ್ತೋರೈಯ ಆ ಬೆಟ್ಟದ ಕಡೆಗೂ ಒಮ್ಮೆ ಹೋಗಿಬರಲಿ.