ದೂರ ಅವಕೆಂಪಿನ ಪಲ್ಸು: ಅಳತೆ ನಡೆದುಬಂದ ದಾರಿ

ಅಟೊಸೆಕೆಂಡ್ ಬೆಳಕಿಗೆ 2023ರಲ್ಲಿ ನೊಬೆಲ್ ಬಂದ ಮೇಲೆ ಒಂದು ಮಾತು ಚಾಲ್ತಿಗೆ ಬಂದಿದೆ: ಪಲ್ಸು ಎಷ್ಟು ಚಿಕ್ಕದೋ ವಿಜ್ಞಾನ ಅಷ್ಟು ದೊಡ್ಡದು. ಈ ಲೆಕ್ಕದಲ್ಲಿ ದೂರ ಅವಕೆಂಪು ಹಳೇ ಸರಕು. ಅಲ್ಲಿ 300 ಮೈಕ್ರೊಮೀಟರಿನ ಅಲೆಯ ಒಂದು ಏರಿಳಿತಕ್ಕೇ ಒಂದು ಪಿಕೊಸೆಕೆಂಡ್ ಹಿಡಿಯುತ್ತದೆ. ಆದರೆ ಬೆಳಕಿನ ವಿದ್ಯುತ್ ಕ್ಷೇತ್ರವನ್ನೇ, ಧನ ಋಣ ಚಿಹ್ನೆ ಸಮೇತ, ಕಾಗದದ ಮೇಲೆ ಇಳಿಸುವುದನ್ನು ದಿನನಿತ್ಯದ ಕೆಲಸವಾಗಿಸಿದ್ದು ಈ ಹಳೇ ಸರಕಿನವರೇ. ಗೋಚರ ಬೆಳಕಿನ ಅಲೆಯನ್ನು ಹಾಗೆ ಬಿಡಿಸಿಡಲು ಅಟೊಸೆಕೆಂಡ್ ತಂತ್ರ 2004ರವರೆಗೆ ಕಾಯಬೇಕಾಯಿತು.

ಮೊದಲ ಅಧ್ಯಾಯವೆಲ್ಲ ಶಾಖ ಅಳೆದ ಕಥೆ. ಲ್ಯಾಂಗ್ಲಿಯ ಬೊಲೊಮೀಟರ್, ಪ್ಲಾಂಕ್ ಸೂತ್ರಕ್ಕೆ ದಾರಿ ಮಾಡಿದ ರೂಬೆನ್ಸ್ ಮತ್ತು ಕರ್ಲ್‌ಬೌಮರ 1900ರ ಪ್ರಯೋಗ, ಆಮೇಲೆ ಗೋಲೆ ಕೋಶ. ಎಲ್ಲವೂ ಒಟ್ಟು ಶಕ್ತಿ ಹೇಳಿದವು, ಯಾವ ಗಳಿಗೆಗೆ ಎಷ್ಟೆಂದು ಹೇಳಲಿಲ್ಲ. ಇಂಟರ್‌ಫೆರೊಮೀಟರಿನಿಂದ ಪಲ್ಸಿನ ಅಗಲದ ಅಂದಾಜು ಸಿಕ್ಕಿತು, ಫೇಸ್ ಕೈತಪ್ಪಿತು. ಅದನ್ನು ಕ್ರೇಮರ್ಸ್–ಕ್ರೋನಿಗ್ ಗಣಿತದಿಂದ ಮರಳಿ ಕಟ್ಟುವವರು ಎಲೆಕ್ಟ್ರಾನ್ ವೇಗವರ್ಧಕಗಳಲ್ಲಿ ಇದ್ದಾರೆ. ಜಾಣ ಲೆಕ್ಕ, ಅಳತೆ ಎನ್ನಲು ನನಗೆ ಮನಸ್ಸಿಲ್ಲ.

ಬೆಲ್ ಲ್ಯಾಬ್ಸ್‌ನ ಡೇವಿಡ್ ಆಸ್ಟನ್ 1975ರಲ್ಲಿ ಲೇಸರಿನಿಂದ ತೆರೆದು ಮುಚ್ಚುವ ಸಿಲಿಕಾನ್ ಸ್ವಿಚ್ ಮಾಡಿದರು. 1984ರಲ್ಲಿ ಪಲ್ಸು ಹೊರಡಿಸಲೂ ಹಿಡಿಯಲೂ ಅಂಥದೇ ಆಂಟೆನಾ ಬಂತು. 1989ರಲ್ಲಿ ಐಬಿಎಂನ ಗ್ರಿಶ್‌ಕೋವ್ಸ್ಕಿ ತಂಡ ಈ ದಾರಿಯಲ್ಲೇ ನೀರಾವಿಯ ಹೀರಿಕೆಯ ರೇಖೆಗಳನ್ನು ಅಳೆಯಿತು.

ನಮ್ಮ ಪೀಳಿಗೆಗೆ ಕಣ್ಣು ಕೊಟ್ಟದ್ದು 1995–96. ರೆನ್ಸೆಲರ್, ಫ್ರೈಬುರ್ಗ್ ಮತ್ತು ಆಸ್ಟನ್–ಹೈಂಜ್ ತಂಡಗಳು ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಆಂಟೆನಾ ಬಿಟ್ಟು ಹರಳಿಗೆ ಬಂದವು. ಪಲ್ಸು ಹಾಯುವಾಗ ಅದರ ಕ್ಷೇತ್ರಕ್ಕೆ ತಕ್ಕಂತೆ ಹರಳಿನ ವಕ್ರೀಭವನ ಬದಲಾಗುತ್ತದೆ. ಜೊತೆಗೇ ಸಾಗುವ ಫೆಮ್ಟೊಸೆಕೆಂಡ್ ಲೇಸರಿನ ಧ್ರುವೀಕರಣವೂ ಅಷ್ಟೇ ಬದಲಾಗುತ್ತದೆ. ಲೇಸರಿನ ದಾರಿಯ ಕನ್ನಡಿಯನ್ನು 0.15 ಮಿ.ಮೀ. ಹಿಂದೆ ಸರಿಸಿದರೆ ಒಂದು ಪಿಕೊಸೆಕೆಂಡ್ ತಡ. ಹೀಗೆ ಸರಿಸುತ್ತ ಹೋದಂತೆ ಇಡೀ ಅಲೆ ಬಿಂದು ಬಿಂದುವಾಗಿ ಮೂಡುತ್ತದೆ. ಸೂಕ್ಷ್ಮ ಬೊಲೊಮೀಟರಿಗೆ ಬೇಕಾಗುವ ದ್ರವ ಹೀಲಿಯಂ ಬೇಡ, ಊಹೆಯ ಗಣಿತ ಬೇಡ. 1998ರಲ್ಲಿ ಜಿಯಾಂಗ್ ಮತ್ತು ಜಾಂಗ್ ಲೇಸರ್ ಪಲ್ಸನ್ನೇ ಬಣ್ಣಬಣ್ಣವಾಗಿ ಹಿಗ್ಗಿಸಿ, ಕನ್ನಡಿ ಸರಿಸದೆ, ಒಂದೇ ಹೊಡೆತಕ್ಕೆ ಅಲೆ ಹಿಡಿದರು.

ಇದಕ್ಕೂ ಮಿತಿಯಿದೆ, ಅದನ್ನು ಮರೆತ ಪ್ರಬಂಧಗಳು ಕಮ್ಮಿಯಿಲ್ಲ. ಜಿಂಕ್ ಟೆಲ್ಯುರೈಡ್ ಹರಳು 5.3 ಟೆರಾಹರ್ಟ್ಸ್ ಹತ್ತಿರ ತಾನೇ ಕಂಪಿಸುತ್ತದೆ. ಗ್ಯಾಲಿಯಂ ಫಾಸ್ಫೈಡ್ 11ರ ಆಸುಪಾಸಿನಲ್ಲಿ. ಹರಳಿನ ಗುಣವನ್ನು ಕಳೆಯದೆ ಮುದ್ರಿಸಿದ ಚಿತ್ರದಲ್ಲಿರುವುದು ಪಲ್ಸೂ ಅಲ್ಲ, ಹರಳೂ ಅಲ್ಲ.

ನಮ್ಮ ದೇಶಕ್ಕೆ ಬಂದರೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಜಯ್ ಸೂದ್ ತಂಡ ಟೆರಾಹರ್ಟ್ಸ್ (ಅಂದರೆ ಇದೇ ದೂರ ಅವಕೆಂಪು) ಪಲ್ಸಿನಿಂದ ಗ್ರ್ಯಾಫೀನ್ ಪರೀಕ್ಷಿಸಿತು. ಇಂದೋರಿನ ಆರ್‌ಆರ್‌ಕ್ಯಾಟ್ ಅವಕೆಂಪು ಫ್ರೀ ಎಲೆಕ್ಟ್ರಾನ್ ಲೇಸರ್ ಕಟ್ಟಿತು. ಬಳಸುವವರಿದ್ದಾರೆ. ಅಳತೆಯ ಉಪಕರಣವನ್ನೇ ವಿಷಯ ಮಾಡಿಕೊಂಡವರು ವಿರಳ. 1895ರಷ್ಟು ಹಿಂದೆ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರ್ ಅಲೆಗಳಿಗೆ ತಮ್ಮ ಉಪಕರಣಗಳನ್ನು ತಾವೇ ಮಾಡಿಕೊಂಡಿದ್ದರು.

ನೀರು ದೂರ ಅವಕೆಂಪು ಬೆಳಕನ್ನು ಬಲವಾಗಿ ಹೀರುತ್ತದೆ. ಹೊಸರಿತ್ತಿ ಕಡೆಯ ನನ್ನಂಥವನಿಗೆ ಅಲ್ಲಿಗೇ ಬ್ಯಾಡಗಿ ಪೇಟೆಯ ಮೆಣಸಿನಕಾಯಿ ನೆನಪಾಗುತ್ತದೆ. ತೇವ ಹೆಚ್ಚಿದ್ದರೆ ದರ ಬೀಳುವ ಮಾಲು ಅದು. ಎಷ್ಟು ತೇವಕ್ಕೆ ಎಷ್ಟು ಹೀರಿಕೆ ಎಂಬ ಮೂಲ ಕೋಷ್ಟಕವನ್ನು ಹಾವೇರಿಯ ಎಂ.ಎಸ್ಸಿ. ವಿದ್ಯಾರ್ಥಿಯೇ ಸಿದ್ಧಪಡಿಸಬಹುದು, ಉಪಕರಣ ಕೈಗೆ ಸಿಕ್ಕರೆ.