ಪ್ರಾಜೆಕ್ಟ್ ಆಧಾರಿತ ಗಣಿತ ಸೆಮಿನಾರ್

ಪ್ರಾಜೆಕ್ಟ್ ಆಧಾರಿತ ಗಣಿತ ಸೆಮಿನಾರ್ ವಿಶ್ವವಿದ್ಯಾಲಯ ಮಟ್ಟದ ಒಂದು ಬೋಧನಾ ಕ್ರಮ. ಇದರಲ್ಲಿ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅಥವಾ ಚಿಕ್ಕ ಗುಂಪುಗಳಲ್ಲಿ ಒಂದು ಗಣಿತ ವಿಷಯವನ್ನು ಆಯ್ದುಕೊಂಡು, ಮಾರ್ಗದರ್ಶಕರ ಮೇಲ್ವಿಚಾರಣೆಯಲ್ಲಿ ಅಧ್ಯಯನ ಮಾಡಿ, ವರದಿ ಬರೆದು, ಅದನ್ನು ಸಹಪಾಠಿಗಳ ಹಾಗೂ ಅಧ್ಯಾಪಕರ ಮುಂದೆ ಮಂಡಿಸುತ್ತಾರೆ. ಪದವಿ ಮತ್ತು ಸ್ನಾತಕೋತ್ತರ ಹಂತದಲ್ಲಿ ಆಯ್ದುಕೊಳ್ಳುವ ವಿಷಯಗಳ ಫಲಿತಾಂಶ ಬಹುಮಟ್ಟಿಗೆ ಮೊದಲೇ ತಿಳಿದಿರುತ್ತದೆ. ಹೀಗಾಗಿ ವಿದ್ಯಾರ್ಥಿಯು ಆ ಫಲಿತಾಂಶವನ್ನು ಎಷ್ಟರ ಮಟ್ಟಿಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದನ್ನು ಅಳೆಯುವುದೇ ಇಲ್ಲಿ ಮೌಲ್ಯಮಾಪನದ ಮುಖ್ಯ ಪ್ರಶ್ನೆಯಾಗಿದೆ.

ಹಿನ್ನೆಲೆ

ಗಣಿತದಲ್ಲಿ ಸೆಮಿನಾರ್ ಪದ್ಧತಿಯು 19ನೆಯ ಶತಮಾನದ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ರೂಪುಗೊಂಡಿತು. 1834ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಕಾರ್ಲ್ ಜಾಕೋಬಿ ಮತ್ತು ಫ್ರಾನ್ಸ್ ನಾಯ್ಮನ್ ಗಣಿತ-ಭೌತವಿಜ್ಞಾನ ಸೆಮಿನಾರ್ ಸ್ಥಾಪಿಸಿದರು. 1861ರಲ್ಲಿ ಬರ್ಲಿನ್‌ನಲ್ಲಿ ಏರ್ನ್ಸ್ಟ್ ಕುಮರ್ ಮತ್ತು ಕಾರ್ಲ್ ವೈಯರ್‌ಸ್ಟ್ರಾಸ್ ಗಣಿತಕ್ಕೇ ಮೀಸಲಾದ ಸೆಮಿನಾರ್ ಆರಂಭಿಸಿದರು. ಉಪನ್ಯಾಸ ಕೇಳುವುದಷ್ಟೇ ಅಲ್ಲದೆ ವಿದ್ಯಾರ್ಥಿಗಳು ತಾವೇ ಸಮಸ್ಯೆಗಳನ್ನು ಬಿಡಿಸಿ ವಿವರಿಸಬೇಕೆಂಬುದು ಇವುಗಳ ಉದ್ದೇಶವಾಗಿತ್ತು. 20ನೆಯ ಶತಮಾನದಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ರಾಬರ್ಟ್ ಲೀ ಮೂರ್ ಅವರು ಪುಸ್ತಕಗಳ ನೆರವಿಲ್ಲದೆ ವಿದ್ಯಾರ್ಥಿಗಳೇ ಪ್ರಮೇಯಗಳನ್ನು ಸಾಧಿಸಿ ತರಗತಿಯಲ್ಲಿ ಮಂಡಿಸುವ ಕ್ರಮವನ್ನು ರೂಢಿಗೆ ತಂದರು. ಇಂದಿನ ಪ್ರಾಜೆಕ್ಟ್ ಸೆಮಿನಾರ್ ಅಷ್ಟು ಕಟ್ಟುನಿಟ್ಟಾದುದಲ್ಲ. ಇದರಲ್ಲಿ ಆಕರಗಳನ್ನು ಓದಲು ಅವಕಾಶವಿದೆ. ಆದರೆ ಓದಿದ್ದನ್ನು ಸ್ವಂತ ಮಾತಿನಲ್ಲಿ ಸಮರ್ಥಿಸಿಕೊಳ್ಳಬೇಕು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ

ಮಲ್ಲತ್ತಹಳ್ಳಿ ಹಾಗೂ ಅದರ ಆಸುಪಾಸಿನಲ್ಲಿ ಗಣಿತ ಬೋಧಿಸುವ ಮೂರು ಬಗೆಯ ಉನ್ನತ ಶಿಕ್ಷಣ ಸಂಸ್ಥೆಗಳಿವೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವು ಮಲ್ಲತ್ತಹಳ್ಳಿಗೆ ಹೊಂದಿಕೊಂಡಿದೆ. ಮಲ್ಲತ್ತಹಳ್ಳಿಯಲ್ಲೇ ಇರುವ, 1980ರಲ್ಲಿ ಆರಂಭವಾದ ಡಾ. ಅಂಬೇಡ್ಕರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಸ್ವಾಯತ್ತ ಕಾಲೇಜು. ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಬಿ.ಮ್ಯಾತ್ ಮತ್ತು ಎಂ.ಮ್ಯಾತ್ ಶಿಕ್ಷಣಕ್ರಮಗಳಿವೆ. ಮೂರರ ಆಡಳಿತ ನಿಯಮಗಳೂ ಬೇರೆ ಬೇರೆ. ಆದ್ದರಿಂದ ಅಂಕಗಳ ನಿಖರ ಹಂಚಿಕೆಯನ್ನು ಆಯಾ ಸಂಸ್ಥೆಯ ಪಠ್ಯಕ್ರಮದಲ್ಲಿಯೇ ನೋಡಬೇಕಾಗುತ್ತದೆ.

ಕರ್ನಾಟಕವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಜಾರಿಗೆ ತಂದಾಗ ಅಂತಿಮ ವರ್ಷದ ಸಂಶೋಧನಾ ಪ್ರಾಜೆಕ್ಟ್‌ಗೆ ಮಹತ್ವ ದೊರೆಯಿತು. 2024-25ರಿಂದ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು.

ವಿದ್ಯಾರ್ಥಿಗಳಿಂದ ನಿರೀಕ್ಷೆ

ಸಾಮಾನ್ಯವಾಗಿ ಸೆಮಿನಾರ್ ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

1. ವಿಷಯ ಪ್ರಸ್ತಾವ: ಪ್ರಶ್ನೆ ಯಾವುದು, ಬೇಕಾದ ಪೂರ್ವಜ್ಞಾನ ಯಾವುದು, ಯಾವ ಆಕರಗಳನ್ನು ಬಳಸಲಾಗುವುದು ಎಂಬುದರ ಕಿರು ವಿವರಣೆ.

2. ಪ್ರಗತಿ ಪರಿಶೀಲನೆ: ಮಾರ್ಗದರ್ಶಕರೊಂದಿಗೆ ನಿಯಮಿತ ಭೇಟಿ. ಕೈಗೂಡದ ಪ್ರಯತ್ನಗಳೂ ಇಲ್ಲಿ ದಾಖಲಾಗುತ್ತವೆ.

3. ಲಿಖಿತ ವರದಿ: ವ್ಯಾಖ್ಯೆ, ಪ್ರಮೇಯ, ಸಾಧನೆ, ಉದಾಹರಣೆ ಮತ್ತು ಆಕರಗಳ ಉಲ್ಲೇಖ. ಯಾವ ಭಾಗ ಆಕರದಿಂದ ಬಂದದ್ದು, ಯಾವುದು ಸ್ವಂತದ್ದು ಎಂಬುದು ಸ್ಪಷ್ಟವಾಗಿರಬೇಕು.

4. ಮಂಡನೆ ಮತ್ತು ಮೌಖಿಕ ಪರೀಕ್ಷೆ: ಸಾಧನೆಯ ಯಾವುದೇ ಹೆಜ್ಜೆಯ ಬಗ್ಗೆ ಪ್ರಶ್ನೆ ಬಂದರೂ ಕಪ್ಪುಹಲಗೆಯ ಮೇಲೆ ವಿವರಿಸುವ ಸಿದ್ಧತೆ.

ಪ್ರೇಕ್ಷಕರಾಗಿ ಕುಳಿತ ಸಹಪಾಠಿಗಳು ಕೇಳುವ ಪ್ರಶ್ನೆಗಳನ್ನೂ ಹಾಜರಾತಿಯನ್ನೂ ಕೆಲವೆಡೆ ಅಂಕಗಳಿಗೆ ಪರಿಗಣಿಸಲಾಗುತ್ತದೆ.

ಒಂದು ನಿದರ್ಶನ

ಒಂದೇ ವಿಷಯದ ಎರಡು ವರದಿಗಳು ಬೇರೆ ಬೇರೆ ಗ್ರೇಡ್ ಪಡೆಯಲು ಕಾರಣವೇನೆಂಬುದನ್ನು ಕಾಪ್ರೇಕರ್ ಸ್ಥಿರಾಂಕದ ಮೂಲಕ ವಿವರಿಸಬಹುದು. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ (1905–1986) ಗುರುತಿಸಿದ ಪ್ರಕ್ರಿಯೆ ಹೀಗಿದೆ: ಎಲ್ಲ ಅಂಕಿಗಳೂ ಒಂದೇ ಆಗಿರದ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದ ಸಂಖ್ಯೆಯಿಂದ ಏರಿಕೆ ಕ್ರಮದಲ್ಲಿ ಬರೆದ ಸಂಖ್ಯೆಯನ್ನು ಕಳೆಯಬೇಕು, ಬಂದ ಉತ್ತರಕ್ಕೂ ಇದನ್ನೇ ಮಾಡಬೇಕು. 3524ರಿಂದ ಆರಂಭಿಸಿದರೆ 5432 − 2345 = 3087, 8730 − 0378 = 8352, 8532 − 2358 = 6174. ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಉತ್ತರ 6174ಕ್ಕೆ ಬಂದು ನಿಲ್ಲುತ್ತದೆ.

ಮೊದಲಿಗೆ ಸೊನ್ನೆ ಬರುವವನ್ನೂ ಸೇರಿಸಿದರೆ ಪರೀಕ್ಷಿಸಬೇಕಾದ ಸಂಖ್ಯೆಗಳು 9,990. ಕಂಪ್ಯೂಟರ್ ಪ್ರೋಗ್ರಾಂ ಬರೆದು ಅಷ್ಟನ್ನೂ ಪರಿಶೀಲಿಸಿದ ವರದಿ ಸರಿಯಾದುದೇ. ಸಂಖ್ಯೆಗಳು ಪರಿಮಿತವಾದ್ದರಿಂದ ಅದು ಪೂರ್ಣ ಸಾಧನೆಯೂ ಹೌದು. ಇನ್ನೊಂದು ವರದಿಯು, ವ್ಯತ್ಯಾಸವು ಅತಿ ದೊಡ್ಡ ಹಾಗೂ ಅತಿ ಚಿಕ್ಕ ಅಂಕಿಗಳ ವ್ಯತ್ಯಾಸದ 999 ಪಟ್ಟು ಮತ್ತು ನಡುವಿನ ಎರಡು ಅಂಕಿಗಳ ವ್ಯತ್ಯಾಸದ 90 ಪಟ್ಟು ಸೇರಿದ ಮೊತ್ತವೆಂದು ತೋರಿಸಿ, 54 ಸಂದರ್ಭಗಳನ್ನಷ್ಟೇ ನೋಡಿದರೆ ಸಾಕೆಂದು ಸಾಧಿಸಬಹುದು. ಎರಡರ ತೀರ್ಮಾನವೂ ಒಂದೇ, ತಿಳಿವಳಿಕೆಯ ಆಳ ಬೇರೆ.

ಪರಿಶೀಲನೆಯೇ ಸಾಧನೆಯಾಗದ ಸಂದರ್ಭಗಳೂ ಇವೆ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಿದರೆ 0ಯಿಂದ 39ರವರೆಗೆ ಅವಿಭಾಜ್ಯ ಸಂಖ್ಯೆಗಳೇ ದೊರೆಯುತ್ತವೆ. 40ಕ್ಕೆ ಮಾತ್ರ 41ರ ವರ್ಗವಾದ 1681 ಬರುತ್ತದೆ. ಮೊದಲ 40 ಉತ್ತರಗಳ ಆಧಾರದ ಮೇಲೆ ಸಾರ್ವತ್ರಿಕ ತೀರ್ಮಾನ ಕೊಡುವ ವರದಿಯು ಎಷ್ಟೇ ಅಚ್ಚುಕಟ್ಟಾಗಿದ್ದರೂ ಗಣಿತದ ದೃಷ್ಟಿಯಿಂದ ದೋಷಪೂರ್ಣ.

ಮೌಲ್ಯಮಾಪನ

ಅಂಕಗಳನ್ನು ಸಾಮಾನ್ಯವಾಗಿ ಗಣಿತದ ನಿಖರತೆ, ವಿಷಯದ ಆಳ, ಬರವಣಿಗೆಯ ಸ್ಪಷ್ಟತೆ, ಮಂಡನೆ ಮತ್ತು ಪ್ರಶ್ನೋತ್ತರ ಎಂಬ ಅಂಶಗಳಿಗೆ ಹಂಚಲಾಗುತ್ತದೆ. ಒಟ್ಟು 50 ಅಂಕಗಳ ಸೆಮಿನಾರ್‌ನಲ್ಲಿ ಪ್ರಸ್ತಾವಕ್ಕೆ 5, ಪ್ರಗತಿಗೆ 10, ವರದಿಗೆ 15, ಮಂಡನೆಗೆ 10 ಮತ್ತು ಮೌಖಿಕ ಪರೀಕ್ಷೆಗೆ 10 ಎಂಬಂಥ ಹಂಚಿಕೆ ಒಂದು ಮಾದರಿ. ಗುಂಪು ಪ್ರಾಜೆಕ್ಟ್‌ಗಳಲ್ಲಿ ವರದಿಗೆ ಸಮಾನ ಅಂಕ ನೀಡಿ, ಪ್ರಗತಿ ಮತ್ತು ಮೌಖಿಕ ಪರೀಕ್ಷೆಗೆ ಪ್ರತ್ಯೇಕ ಅಂಕ ನೀಡುವುದರಿಂದ ಸದಸ್ಯರ ನಡುವಿನ ದುಡಿಮೆಯ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಸೆಮಿನಾರ್ ಅಂಕಗಳು ಆಂತರಿಕ ಮೌಲ್ಯಮಾಪನದ ಭಾಗವಾಗಿರುವಲ್ಲಿ ಅವುಗಳ ಪರಿಣಾಮ ಹೆಚ್ಚು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಯೋಜನೆಯಲ್ಲಿ ಸಾಮಾನ್ಯ ಪಠ್ಯವಿಷಯಗಳಿಗೆ ನಿರಂತರ ಆಂತರಿಕ ಮೌಲ್ಯಮಾಪನ 50, ಸೆಮಿಸ್ಟರ್ ಅಂತ್ಯದ ಪರೀಕ್ಷೆ 50 ಅಂಕಗಳು. ಆಂತರಿಕದಲ್ಲಿ ಕನಿಷ್ಠ 20 ಅಂಕ ಬಾರದಿದ್ದರೆ ಅಂತಿಮ ಪರೀಕ್ಷೆಗೆ ಕುಳಿತುಕೊಳ್ಳುವ ಅರ್ಹತೆ ಇರುವುದಿಲ್ಲ.

ಗ್ರೇಡ್ ಮತ್ತು ಕ್ರೆಡಿಟ್

ವಿಶ್ವವಿದ್ಯಾಲಯ ಅನುದಾನ ಆಯೋಗದ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯಲ್ಲಿ ‘ಒ’ ಗ್ರೇಡ್‌ಗೆ 10, ‘ಎ ಪ್ಲಸ್’ಗೆ 9, ‘ಎ’ಗೆ 8, ‘ಬಿ ಪ್ಲಸ್’ಗೆ 7, ‘ಬಿ’ಗೆ 6, ‘ಸಿ’ಗೆ 5, ‘ಪಿ’ಗೆ 4 ಅಂಶಗಳಿವೆ, ‘ಎಫ್’ ಅನುತ್ತೀರ್ಣ. ಆಯೋಗದ 2015ರ ಮಾರ್ಗಸೂಚಿಯು ಪ್ರಾಜೆಕ್ಟ್ ಅಥವಾ ಪ್ರೌಢಪ್ರಬಂಧಕ್ಕೆ 6 ಕ್ರೆಡಿಟ್ ಸೂಚಿಸಿತು.

20 ಕ್ರೆಡಿಟ್‌ಗಳ ಸೆಮಿಸ್ಟರ್‌ನಲ್ಲಿ ಉಳಿದ 14 ಕ್ರೆಡಿಟ್‌ಗಳಿಗೆ ‘ಎ’ ಪಡೆದ ವಿದ್ಯಾರ್ಥಿಯು 6 ಕ್ರೆಡಿಟ್‌ನ ಪ್ರಾಜೆಕ್ಟ್‌ನಲ್ಲಿ ‘ಒ’ ಪಡೆದರೆ ಆ ಸೆಮಿಸ್ಟರ್‌ನ ಸರಾಸರಿ 8.6 ಆಗುತ್ತದೆ, ‘ಬಿ’ ಪಡೆದರೆ 7.4ಕ್ಕೆ ಇಳಿಯುತ್ತದೆ.

ಕೃತಿಚೌರ್ಯ

ಅನುದಾನ ಆಯೋಗದ 2018ರ ಶೈಕ್ಷಣಿಕ ಪ್ರಾಮಾಣಿಕತೆಯ ನಿಯಮಾವಳಿಯು ಶೇ. 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ. ಪ್ರೌಢಪ್ರಬಂಧದಲ್ಲಿ ಹೋಲಿಕೆ ಶೇ. 40ರವರೆಗಿದ್ದರೆ ಪರಿಷ್ಕರಣೆ, ಶೇ. 60ರವರೆಗಿದ್ದರೆ ಒಂದು ವರ್ಷ ಸಲ್ಲಿಕೆಗೆ ತಡೆ, ಅದಕ್ಕೂ ಹೆಚ್ಚಾದರೆ ನೋಂದಣಿ ರದ್ದು. ಪ್ರಮಾಣಿತ ಸಂಕೇತಗಳು ಮತ್ತು ಸಮೀಕರಣಗಳನ್ನು ಹೋಲಿಕೆಯ ಎಣಿಕೆಯಿಂದ ಹೊರಗಿಟ್ಟಿರುವುದು ಗಣಿತಕ್ಕೆ ಮುಖ್ಯವಾದ ಅಂಶ. ತರಗತಿಯ ಪ್ರಾಜೆಕ್ಟ್ ವರದಿಗಳು ಈ ನಿಯಮಾವಳಿಯ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ ವಿಭಾಗಗಳೇ ನಿಯಮ ರೂಪಿಸಬೇಕು. ಪದಗಳನ್ನು ಬದಲಿಸಿ ಬರೆದ ಎರವಲು ಸಾಧನೆಯನ್ನು ಹೋಲಿಕೆ ಪತ್ತೆಹಚ್ಚುವ ತಂತ್ರಾಂಶ ಗುರುತಿಸದೆ ಹೋಗಬಹುದು. ಅಂಥಲ್ಲಿ ಮೌಖಿಕ ಪರೀಕ್ಷೆಯೇ ಹೆಚ್ಚು ನೆರವಾಗುತ್ತದೆ.

ವಿಮರ್ಶೆ

ಈ ಕ್ರಮದ ವಿರುದ್ಧದ ಮುಖ್ಯ ಆಕ್ಷೇಪ ವಸ್ತುನಿಷ್ಠತೆಗೆ ಸಂಬಂಧಿಸಿದ್ದು. ಲಿಖಿತ ಪರೀಕ್ಷೆಯ ಉತ್ತರಪತ್ರಿಕೆಯನ್ನು ಮರುಮೌಲ್ಯಮಾಪನಕ್ಕೆ ಕಳುಹಿಸಬಹುದು. ಮಾತಿನ ಮಂಡನೆಗೆ ಅಂಥ ದಾಖಲೆ ಇರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್‌ನಲ್ಲಿ ಮಂಡಿಸುವಾಗ ಭಾಷೆಯ ತೊಡಕನ್ನು ಗಣಿತದ ಕೊರತೆಯೆಂದು ಭಾವಿಸುವ ಅಪಾಯವೂ ಇದೆ. ಅಂಕ ಹಂಚಿಕೆಯನ್ನು ಸೆಮಿಸ್ಟರ್‌ನ ಆರಂಭದಲ್ಲೇ ಪ್ರಕಟಿಸುವುದು, ಇಬ್ಬರು ಪರೀಕ್ಷಕರನ್ನು ನೇಮಿಸುವುದು, ಭಾಷೆ ಮತ್ತು ಗಣಿತಕ್ಕೆ ಪ್ರತ್ಯೇಕ ಅಂಕ ನೀಡುವುದು ಹಾಗೂ ಪ್ರತಿ ಹಂತದ ಅಭಿಪ್ರಾಯವನ್ನು ಬರಹದಲ್ಲಿ ಕೊಡುವುದು ಇದಕ್ಕೆ ಇರುವ ಪರಿಹಾರಗಳು.