ಅರ್ಯೆನ್ ರಾಬೆನ್: ಎಡಗಾಲಿನ ಬಲ ವಿಂಗರ್

ನೆದರ್ಲೆಂಡ್ಸ್‌ನ ಮಾಜಿ ಫುಟ್ಬಾಲ್ ಆಟಗಾರ ಅರ್ಯೆನ್ ರಾಬೆನ್ 1984ರ ಜನವರಿ 23ರಂದು ದೇಶದ ಉತ್ತರ ತುದಿಯ ಗ್ರೋನಿಂಗೆನ್ ಪ್ರಾಂತ್ಯದ ಬೆಡುಮ್ ಎಂಬ ಗ್ರಾಮದಲ್ಲಿ ಜನಿಸಿದರು. ವಾಲಿ ನಿಂತಿರುವ ಹಳೆಯ ಚರ್ಚ್ ಗೋಪುರವನ್ನು ಬಿಟ್ಟರೆ ಹೊರಗಿನವರಿಗೆ ಆ ಊರಿನ ಪರಿಚಯ ಅಷ್ಟಾಗಿ ಇರಲಿಲ್ಲ. ಊರಿನ ಕ್ಲಬ್ಬಿನಲ್ಲೇ ಚೆಂಡು ಒದೆಯಲು ಕಲಿತ ಹುಡುಗ 16ನೇ ವಯಸ್ಸಿಗೆ, 2000ದ ಡಿಸೆಂಬರ್‌ನಲ್ಲಿ, ಎಫ್‌ಸಿ ಗ್ರೋನಿಂಗೆನ್ ಹಿರಿಯರ ತಂಡದಲ್ಲಿ ಕಣಕ್ಕಿಳಿದ.

2002ರಲ್ಲಿ ಪಿಎಸ್‌ವಿ ಐಂಡ್‌ಹೋವನ್ ಸೇರಿ ಮೊದಲ ಋತುವಿನಲ್ಲೇ ಡಚ್ ಲೀಗ್ ಗೆದ್ದರು. 2004ರಲ್ಲಿ ಇಂಗ್ಲೆಂಡಿನ ಚೆಲ್ಸಿಗೆ ವಲಸೆ ಹೋದರು. ಅಲ್ಲಿ ಋತು ಆರಂಭವಾಗುವ ಮುನ್ನವೇ ರೋಮಾ ವಿರುದ್ಧದ ಸ್ನೇಹ ಪಂದ್ಯದಲ್ಲಿ ಪಾದದ ಮೂಳೆ ಮುರಿದು ತಿಂಗಳುಗಟ್ಟಲೆ ಕೂರಬೇಕಾಯಿತು. ಗಾಯಗಳು ಮುಂದೆಯೂ ಅವರ ಬೆನ್ನು ಬಿಡಲಿಲ್ಲ. ಆದರೂ 2004-05ರಲ್ಲಿ 50 ವರ್ಷಗಳ ನಂತರ ಚೆಲ್ಸಿ ಲೀಗ್ ಚಾಂಪಿಯನ್ ಆದಾಗ, ಮರುವರ್ಷ ಅದನ್ನು ಉಳಿಸಿಕೊಂಡಾಗ, ತಂಡದಲ್ಲಿ ರಾಬೆನ್ ಇದ್ದರು. 2007ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿ ಸ್ಪೇನಿನ ಲೀಗನ್ನೂ ಗೆದ್ದರು. 2009ರಲ್ಲಿ ರೊನಾಲ್ಡೊ, ಕಾಕಾ ಮೊದಲಾದವರನ್ನು ಭಾರೀ ಬೆಲೆಗೆ ಕೊಂಡ ಮ್ಯಾಡ್ರಿಡ್‌ಗೆ ರಾಬೆನ್ ಬೇಡವಾದರು. ಬದುಕಿನ ನಿಜವಾದ ತಿರುವು ಬಂದದ್ದು ಅಲ್ಲಿಂದ.

2009ರ ಆಗಸ್ಟ್ 29ರಂದು ಬೇಯರ್ನ್ ಮ್ಯೂನಿಕ್ ಪರ ವೋಲ್ಫ್ಸ್‌ಬರ್ಗ್ ವಿರುದ್ಧ ಬದಲಿ ಆಟಗಾರನಾಗಿ ಮೊದಲ ಬಾರಿ ಮೈದಾನಕ್ಕಿಳಿದು ಎರಡು ಗೋಲು ಹೊಡೆದರು. ಎರಡಕ್ಕೂ ಪಾಸ್ ಕೊಟ್ಟವರು ಫ್ರಾನ್ಸ್‌ನ ಫ್ರಾಂಕ್ ರಿಬೆರಿ. ಬಲಗಡೆ ರಾಬೆನ್, ಎಡಗಡೆ ರಿಬೆರಿ ಎಂಬ ಈ ಜೋಡಿ ಹತ್ತು ವರ್ಷ ನಡೆಯಿತು.

ರಾಬೆನ್ ಆಟದ ಗುಟ್ಟು ಗುಟ್ಟಾಗಿ ಉಳಿದಿರಲೇ ಇಲ್ಲ. ಎಡಗಾಲಿನ ಆಟಗಾರನನ್ನು ಸಾಮಾನ್ಯವಾಗಿ ಎಡಬದಿಗೆ ನಿಲ್ಲಿಸುತ್ತಿದ್ದರು, ಗೆರೆಯುದ್ದಕ್ಕೂ ಓಡಿ ಚೆಂಡನ್ನು ಗೋಲಿನ ಮುಂದಕ್ಕೆ ಹಾಕಲಿ ಎಂದು. ರಾಬೆನ್ ಬೇಯರ್ನ್‌ನಲ್ಲಿ ಬಲಬದಿಯಲ್ಲಿ ನೆಲೆ ನಿಂತರು. ಗೆರೆಯ ಬಳಿ ಚೆಂಡು ಪಡೆದು, ಒಳಕ್ಕೆ ತಿರುಗಿ, ಪೆನಾಲ್ಟಿ ಪೆಟ್ಟಿಗೆಯ ಅಂಚಿನಲ್ಲಿ ಅಡ್ಡಲಾಗಿ ಓಡುತ್ತಾ ಎಡಗಾಲಿನಿಂದ ಒದೆಯುವುದು ಅವರ ರೂಢಿ. ಎದುರಾಳಿಗೆ ಇದು ಮೊದಲೇ ಗೊತ್ತು, ಪ್ರೇಕ್ಷಕರಿಗೂ ಗೊತ್ತು. ಆದರೆ ಒಳದಾರಿ ಮುಚ್ಚಿದರೆ ಹೊರಗಿನಿಂದ ಫಿಲಿಪ್ ಲಾಮ್ ಓಡಿ ಬರುತ್ತಿದ್ದರು. ಹೊರದಾರಿ ನೋಡಿಕೊಂಡರೆ ಒಳದಾರಿ ಬಯಲು. ಅದಕ್ಕಿಂತ ಮುಖ್ಯವಾಗಿ, ಯಾವ ಕ್ಷಣದಲ್ಲಿ ತಿರುಗುತ್ತಾರೆ ಎಂಬುದನ್ನು ಊಹಿಸುವುದು ಕಷ್ಟ. ಎದುರಾಳಿಯ ಭಾರ ತಪ್ಪು ಕಾಲಿನ ಮೇಲೆ ಬೀಳುವವರೆಗೂ ಅವರು ಕಾಯುತ್ತಿದ್ದರು.

ಗೆಲುವಿನಷ್ಟೇ ಸೋಲೂ ಅವರ ಹೆಸರಿಗೆ ಅಂಟಿಕೊಂಡಿದೆ. 2010ರ ಚಾಂಪಿಯನ್ಸ್ ಲೀಗ್ ಫೈನಲ್ ನಡೆದದ್ದು ತಮ್ಮನ್ನು ಮಾರಿದ ಮ್ಯಾಡ್ರಿಡ್ ಕ್ಲಬ್ಬಿನ ಕ್ರೀಡಾಂಗಣದಲ್ಲೇ. ಅಲ್ಲಿ ಇಂಟರ್ ಮಿಲಾನ್‌ಗೆ 0-2ರಿಂದ ಸೋತರು. ಅದೇ ಜುಲೈ 11ರಂದು ಜೊಹಾನ್ಸ್‌ಬರ್ಗ್‌ನ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ ಗೋಲ್‌ಕೀಪರ್ ಕಸಿಯಾಸ್ ಒಬ್ಬರನ್ನೇ ಎದುರಿಗಿಟ್ಟುಕೊಂಡು ರಾಬೆನ್ ಒದ್ದ ಚೆಂಡು ಕಸಿಯಾಸ್ ಬಲಗಾಲಿಗೆ ತಗುಲಿ ಹೊರಹೋಯಿತು. ಹೆಚ್ಚುವರಿ ಅವಧಿಯಲ್ಲಿ ಇನಿಯೆಸ್ಟಾ ಗೋಲಿನಿಂದ ಸ್ಪೇನ್ ಗೆದ್ದಿತು.

2012 ಇನ್ನೂ ಕಹಿ. ಮೇ 19ರಂದು ಮ್ಯೂನಿಕ್‌ನ ತವರು ಮೈದಾನದಲ್ಲೇ ಚಾಂಪಿಯನ್ಸ್ ಲೀಗ್ ಫೈನಲ್, ಎದುರಾಳಿ ಹಳೆಯ ಕ್ಲಬ್ ಚೆಲ್ಸಿ. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಪೆನಾಲ್ಟಿಯನ್ನು ರಾಬೆನ್ ಒದ್ದರು, ಪೀಟರ್ ಚೆಕ್ ಹಿಡಿದರು. ಬೇಯರ್ನ್ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಮೂರೇ ದಿನಗಳ ನಂತರ ಅದೇ ಮ್ಯೂನಿಕ್‌ನಲ್ಲಿ ನೆದರ್ಲೆಂಡ್ಸ್ ಪರ ಬೇಯರ್ನ್ ವಿರುದ್ಧ ಸ್ನೇಹ ಪಂದ್ಯ ಆಡಬೇಕಾಗಿ ಬಂದಾಗ, ಬೇಯರ್ನ್ ಅಭಿಮಾನಿಗಳೇ ಕೂಗಿ ಹೀಯಾಳಿಸಿದರು. ತನ್ನದೇ ಕ್ಲಬ್ಬಿನ ಜನ ಹೀಗೆ ಮಾಡಿದ್ದು ಸರಿಯಲ್ಲ ಎನ್ನದೆ ವಿಧಿಯಿಲ್ಲ. ಆದರೂ ಅವರು ಕ್ಲಬ್ ಬಿಡಲಿಲ್ಲ.

ಮರುವರ್ಷ, 2013ರ ಮೇ 25, ಲಂಡನ್ನಿನ ವೆಂಬ್ಲಿ. ಬೊರುಸಿಯಾ ಡಾರ್ಟ್‌ಮುಂಡ್ ವಿರುದ್ಧ ಮತ್ತೊಂದು ಫೈನಲ್. ಮೊದಲಾರ್ಧದಲ್ಲಿ ಸಿಕ್ಕ ಅವಕಾಶಗಳನ್ನು ರಾಬೆನ್ ಕೈಚೆಲ್ಲಿದಾಗ ಹಳೆಯ ಕತೆಯೇ ಮರುಕಳಿಸುವಂತೆ ಕಂಡಿತು. 60ನೇ ನಿಮಿಷದಲ್ಲಿ ಅವರ ಪಾಸಿನಿಂದ ಮಾಂಡ್ಜುಕಿಚ್ ಗೋಲು ಹೊಡೆದರು, ಡಾರ್ಟ್‌ಮುಂಡ್ ಸಮ ಮಾಡಿತು. 89ನೇ ನಿಮಿಷದಲ್ಲಿ ರಿಬೆರಿ ಹಿಮ್ಮಡಿಯಿಂದ ತಳ್ಳಿದ ಚೆಂಡನ್ನು ಹಿಡಿದು ಇಬ್ಬರ ನಡುವೆ ನುಗ್ಗಿದ ರಾಬೆನ್, ಗೋಲ್‌ಕೀಪರ್ ಪಕ್ಕದಿಂದ ಮೆಲ್ಲಗೆ ಉರುಳಿಸಿದರು. ಬೇಯರ್ನ್ 2-1ರಿಂದ ಗೆದ್ದಿತು. ಆ ಋತುವಿನಲ್ಲಿ ಲೀಗ್ ಮತ್ತು ಜರ್ಮನ್ ಕಪ್ ಕೂಡ ಸೇರಿ ಮೂರು ಪ್ರಶಸ್ತಿಗಳು ಮ್ಯೂನಿಕ್ ಪಾಲಾದವು.

2014ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ 5-1ರ ಜಯದಲ್ಲಿ ಎರಡು ಗೋಲು ಅವರದ್ದು. ನೆದರ್ಲೆಂಡ್ಸ್‌ಗೆ ಮೂರನೇ ಸ್ಥಾನ ಸಿಕ್ಕಿತು. ಅದೇ ಕೂಟದ ಮೆಕ್ಸಿಕೊ ಪಂದ್ಯದಲ್ಲಿ ಒಮ್ಮೆ ಬೇಕೆಂದೇ ಬಿದ್ದೆ ಎಂದು ತಾವೇ ಒಪ್ಪಿಕೊಂಡು ಟೀಕೆಗೂ ಗುರಿಯಾದರು. ಸುಲಭವಾಗಿ ಬೀಳುತ್ತಾರೆ ಎಂಬ ದೂರು ಹಳೆಯದು. ನಮ್ಮ ಗಡಿನಾಡಿನ ಸೆವೆನ್ಸ್ ಮೈದಾನದಲ್ಲಾದರೆ ಇಂಥವರನ್ನು ಪ್ರೇಕ್ಷಕರು ಸುಮ್ಮನೆ ಬಿಡುವವರಲ್ಲ.

2017ರ ಅಕ್ಟೋಬರ್‌ನಲ್ಲಿ ಸ್ವೀಡನ್ ವಿರುದ್ಧ ಎರಡೂ ಗೋಲು ಹೊಡೆದು ಗೆಲ್ಲಿಸಿದರೂ ತಂಡ ವಿಶ್ವಕಪ್‌ಗೆ ಅರ್ಹತೆ ಪಡೆಯಲಿಲ್ಲ. ಅಂದೇ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು: 96 ಪಂದ್ಯ, 37 ಗೋಲು. ಬೇಯರ್ನ್ ಪರ 309 ಪಂದ್ಯಗಳಲ್ಲಿ 144 ಗೋಲು, 8 ಲೀಗ್ ಪ್ರಶಸ್ತಿ. 2019ರ ಮೇ 18ರಂದು ಫ್ರಾಂಕ್‌ಫರ್ಟ್ ವಿರುದ್ಧ ತವರಿನ ಕೊನೆಯ ಲೀಗ್ ಪಂದ್ಯದಲ್ಲಿ ರಿಬೆರಿಯೂ ರಾಬೆನ್‌ರೂ ಬದಲಿಗಳಾಗಿ ಬಂದು ಒಂದೊಂದು ಗೋಲು ಹೊಡೆದರು.

ಆ ವರ್ಷ ನಿವೃತ್ತಿ ಘೋಷಿಸಿದ ರಾಬೆನ್, ಕೊರೊನಾ ಕಾಲದಲ್ಲಿ ಸಂಕಷ್ಟದಲ್ಲಿದ್ದ ತಮ್ಮ ಮೊದಲ ಕ್ಲಬ್ ಗ್ರೋನಿಂಗೆನ್‌ಗೆ ನೆರವಾಗಲು 2020ರಲ್ಲಿ ಮರಳಿದರು. ಗಾಯದಿಂದಾಗಿ ಆಡಿದ್ದು ಕೆಲವೇ ಪಂದ್ಯ. 2021ರ ಜುಲೈನಲ್ಲಿ 37ನೇ ವಯಸ್ಸಿನಲ್ಲಿ ಬೂಟು ಕಳಚಿಟ್ಟರು. ನಂತರ ಮ್ಯಾರಥಾನ್ ಓಟ ಹಿಡಿದು, 2023ರಲ್ಲಿ ರಾಟರ್‌ಡ್ಯಾಮ್‌ನಲ್ಲಿ 42 ಕಿಲೋಮೀಟರ್ ದೂರವನ್ನು ಮೂರು ಗಂಟೆಯೊಳಗೆ ಓಡಿ ಮುಗಿಸಿದರು.